ದಣಿದ ಶಿಕ್ಷಕರ ಪಕ್ಕದಲ್ಲಿ ಯಾರಿದ್ದಾರೆ?



ನಮ್ಮ ಶಾಲೆಗಳ ಸ್ಟಾಫ್ ರೂಮಿನಲ್ಲಿ ಆಗಾಗ ಕಿವಿಗೆ ಬೀಳುವ ಮಾತೊಂದಿದೆ: "ಈ ಹುಡುಗರ ಹಣೆಬರಹಾನೇ ಇಷ್ಟು ಬಿಡ್ರಿ." ಈ ಮಾತನ್ನು ಆಡುವವರ ಮೇಲೆ ನನಗೆ ಸಿಟ್ಟಿಲ್ಲ. ಎಷ್ಟೋ ಸಲ ಅವರು ತಮ್ಮ ದುಡ್ಡಿನಲ್ಲಿ ಮಕ್ಕಳಿಗೆ ನೋಟ್‌ಬುಕ್ ಕೊಡಿಸಿದವರು, ನಾಲ್ಕು ದಿನ ಬಾರದ ಹುಡುಗಿಯನ್ನು ಹುಡುಕಿಕೊಂಡು ಹೊಲದ ತನಕ ನಡೆದವರು. ಅಂಥವರ ಬಾಯಲ್ಲಿ ಈ ಮಾತು ಬಂದಿದೆ ಎಂದರೆ ಅವರು ಬಹಳ ದಿನದಿಂದ ದಣಿದಿದ್ದಾರೆ, ಅದನ್ನು ಯಾರೂ ಕೇಳಿಲ್ಲ ಎಂದು ನಾನು ತಿಳಿಯುತ್ತೇನೆ.

ಅಮೆರಿಕದ ಮನೋವಿಜ್ಞಾನಿ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಅವರ ಸಂಗಡಿಗರು ಇಂಥ ದಣಿವನ್ನು ಅಳೆಯುವ ಪ್ರಶ್ನಾವಳಿಯೊಂದನ್ನು 1981ರಲ್ಲಿ ಪ್ರಕಟಿಸಿದರು. ಅವರು ಹಿಡಿದ ಲಕ್ಷಣಗಳು ಮೂರು. ಒಳಗಿನ ಭಾವ ಬತ್ತುವುದು ಮೊದಲನೆಯದು. ಎದುರಿಗಿರುವ ಮನುಷ್ಯರು ಮನುಷ್ಯರಾಗಿ ಕಾಣದೆ ಹೋಗುವುದು ಎರಡನೆಯದು. ತನ್ನಿಂದ ಏನೂ ಆಗುತ್ತಿಲ್ಲ ಎನ್ನಿಸುವುದು ಮೂರನೆಯದು. ಹಣೆಬರಹದ ಮಾತು ಈ ಎರಡನೆಯ ಲಕ್ಷಣ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಈ ದಣಿವನ್ನು ರೋಗಗಳ ಸಾಲಿನಲ್ಲಿ ಸೇರಿಸದೆ, ಕೆಲಸದಿಂದ ಹುಟ್ಟುವ ಸ್ಥಿತಿ ಎಂದು ಗುರುತಿಸಿತು. ಕೆಲಸದಲ್ಲಿ ಹುಟ್ಟಿದ್ದಕ್ಕೆ ಮನೆಯಲ್ಲಿ ಪ್ರಾಣಾಯಾಮ ಮಾಡಿಕೊಳ್ಳಿ ಎಂದಷ್ಟೇ ಹೇಳಿದರೆ ಅದು ಅರ್ಧ ಉತ್ತರ.

ಕೆಲಸದ ಹೊರೆ ಎಲ್ಲರಿಗೂ ಗೊತ್ತಿದ್ದದ್ದೇ. ಶಿಕ್ಷಣ ಹಕ್ಕು ಕಾಯ್ದೆಯ 27ನೆಯ ಕಲಂ ಶಿಕ್ಷಕರನ್ನು ಬೋಧನೆಯಾಚೆಯ ಕೆಲಸಕ್ಕೆ ಹಚ್ಚಬಾರದು ಎನ್ನುತ್ತದೆ. ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ, ಇವು ಮೂರೇ ಅಲ್ಲಿ ಹೇಳಿದ ವಿನಾಯಿತಿ. ಆದರೆ ಬಿಸಿಯೂಟದ ಲೆಕ್ಕ, ವಿದ್ಯಾರ್ಥಿಗಳ ಮಾಹಿತಿ ತುಂಬುವ ಸ್ಯಾಟ್ಸ್ ದಾಖಲೆ, ರಾತ್ರಿ ಹತ್ತಕ್ಕೆ ವಾಟ್ಸಾಪ್‌ನಲ್ಲಿ ಬರುವ 'ತುರ್ತು ಮಾಹಿತಿ' ಇವು ಯಾವ ವಿನಾಯಿತಿಯನ್ನೂ ಕಾಯುವುದಿಲ್ಲ. 2025ರ ದಸರೆಯ ರಜೆ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಕಳೆದುಹೋದದ್ದು ಶಿಕ್ಷಕರಾದ ನಿಮ್ಮಲ್ಲಿ ಅನೇಕರಿಗೆ ನೆನಪಿದೆ.

ಈ ಹೊರೆಯಾದರೂ ಕಣ್ಣಿಗೆ ಕಾಣುತ್ತದೆ. ಕಾಣದ್ದು ಇನ್ನೊಂದಿದೆ. ಅಪ್ಪ ಅವ್ವ ಗುಳೆ ಹೋದ ಮೇಲೆ ಅಜ್ಜಿಯ ಹತ್ತಿರ ಉಳಿದ ಹುಡುಗ ತರಗತಿಯಲ್ಲಿ ಸುಮ್ಮನೆ ಕಿಟಕಿ ನೋಡುತ್ತಾನೆ. ಏಳನೆಯ ತರಗತಿಯ ಹುಡುಗಿಗೆ ಗಂಡು ನೋಡುತ್ತಿದ್ದಾರೆಂದು ಸುದ್ದಿ ಬರುತ್ತದೆ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೆ ಊರು ಎದುರು ನಿಲ್ಲುತ್ತದೆ, ಮಾಡದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ. ಇದನ್ನೆಲ್ಲ ಹೊತ್ತುಕೊಂಡೇ ಟೀಚರು ಮರುದಿನ ನಗುಮುಖದಿಂದ ಭಿನ್ನರಾಶಿ ಹೇಳಿಕೊಡಬೇಕು. ಈ ದುಡಿಮೆಗೆ ಯಾವ ರಿಜಿಸ್ಟರಿನಲ್ಲೂ ಕಾಲಂ ಇಲ್ಲ.

ಇಷ್ಟು ದಿನ ಒಳಗೇ ಉಳಿದದ್ದು ಒಂದು ಮಧ್ಯಾಹ್ನ ಸಿಟ್ಟಾಗಿ ಹೊರಗೆ ಬರುತ್ತದೆ, ಅದೂ ತರಗತಿಯ ಅತ್ಯಂತ ಮೆತ್ತಗಿನ ಮಗುವಿನ ಮೇಲೆ. ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ, ಅದು ಸರಿಯೇ. ಆದರೆ ಸಿಟ್ಟು ಬಂದ ಶಿಕ್ಷಕರು ಆ ಗಳಿಗೆಯಲ್ಲಿ ಏನು ಮಾಡಬೇಕೆಂದು ನಾವು ಅವರಿಗೆ ಹೇಳಿಕೊಟ್ಟಿಲ್ಲ. ನನಗೆ ಗೊತ್ತಿರುವ ಉಪಾಯ ತೀರಾ ಸಣ್ಣದು. ಪಕ್ಕದ ಕೋಣೆಯವರಿಗೆ "ಐದು ನಿಮಿಷ ನನ್ನ ಮಕ್ಕಳನ್ನು ನೋಡ್ಕೊಳ್ರಿ" ಎಂದು ಹೇಳಿ ಹೊರಗೆ ಬರುವುದು. ಹೀಗೆ ಕೇಳುವುದು ಅವಮಾನವಲ್ಲ ಎಂಬ ವಾತಾವರಣವನ್ನು ಮುಖ್ಯೋಪಾಧ್ಯಾಯರು ಕಟ್ಟಿದ ಶಾಲೆಯಲ್ಲಿ ಬೆತ್ತ ತಾನಾಗಿಯೇ ಮೂಲೆ ಸೇರುತ್ತದೆ.

ಮನಸ್ಸಿನ ಗಟ್ಟಿತನ ಒಬ್ಬೊಬ್ಬರ ಎದೆಯೊಳಗೆ ಹುಟ್ಟುವುದಕ್ಕಿಂತ ಹೆಚ್ಚಾಗಿ ಜೊತೆಗಾರರ ನಡುವೆ ಹುಟ್ಟುತ್ತದೆ ಎಂಬುದೇ ನಾನಿಲ್ಲಿ ಹೇಳಬೇಕೆಂದಿರುವುದು. ಇದಕ್ಕೆ ನಮ್ಮಲ್ಲೇ ಸಾಕ್ಷಿಯಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಯ ಶಿಕ್ಷಕರು ಯುನಿಸೆಫ್ ನೆರವಿನಿಂದ ಆಂಧ್ರಪ್ರದೇಶದ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಗ್ರಾಮೀಣ ಶಾಲೆಗಳನ್ನು ನೋಡಿ ಬಂದರು. ಬಂದವರು ಒಟ್ಟಿಗೆ ಕೂತು ಕಲಿಕಾ ಕಾರ್ಡು ಬರೆದರು, ಹಾಡು ಕಟ್ಟಿದರು, ಕಲಿಕೆಯ ಮೆಟ್ಟಿಲುಗಳನ್ನು ಜೋಡಿಸಿದರು. ಹಾಗೆ ಬಂತು ನಲಿ-ಕಲಿ ಎಂಬ ಕಲಿಕಾ ಪದ್ಧತಿ. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಗಳಿಗೆಲ್ಲ ಹಬ್ಬಿತು. ತಾವೇ ಮಾಡಿದ ಕಾರ್ಡು ಹುರುಪು ಕೊಟ್ಟಿತು, ಆದೇಶದ ಜೊತೆಗೆ ಬಂದ ಕಾರ್ಡು ಹಲವರಿಗೆ ಇನ್ನೊಂದು ಹೊರೆಯಾಯಿತು. ಕಾರ್ಡು ಹೆಚ್ಚುಕಡಿಮೆ ಅದೇ, ಒಟ್ಟಿಗೆ ಕೂತವರು ಮಾತ್ರ ಇರಲಿಲ್ಲ.

ಒಟ್ಟಿಗೆ ಕೂರಲು ನಮಗೆ ಹೊಸ ಯೋಜನೆ ಬೇಕಿಲ್ಲ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆ ಇದೆ. ಶಿಕ್ಷಕರು ತಮ್ಮ ತರಗತಿಯ ಕಷ್ಟಗಳನ್ನು ಹಂಚಿಕೊಳ್ಳಲೆಂದು ಇರುವ ಆ ಸಭೆ ಎಷ್ಟೋ ಕಡೆ ನಮೂನೆ ತುಂಬುವ, ಅಂಕಿಅಂಶ ಒಪ್ಪಿಸುವ ಕೂಟವಾಗಿದೆ. ಅದರ ಮೊದಲ ಒಂದು ತಾಸಿನಲ್ಲಿ ಯಾವ ಕಾಗದವೂ ಹೊರಬರದಿರಲಿ. ಒಬ್ಬರು ತಮ್ಮನ್ನು ಕಾಡುತ್ತಿರುವ ಒಂದು ಮಗುವಿನ ಬಗ್ಗೆ ಹೇಳಲಿ, ಉಳಿದವರು ಉಪದೇಶ ಮಾಡದೆ ಕೇಳಲಿ, ಆಮೇಲೆ ಅಂಥದೇ ಮಗುವನ್ನು ಕಂಡವರು ತಾವೇನು ಮಾಡಿದೆವೆಂದು ಹೇಳಲಿ. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು (ಸಿಆರ್‌ಪಿಗಳು) ಆ ಒಂದು ತಾಸು ವರದಿ ಬರೆಯದಿರಲಿ. ಬರೆದರೆ ಯಾರೂ ಬಾಯಿಬಿಡುವುದಿಲ್ಲ.

ನಿದ್ದೆಯೇ ಹತ್ತದವರಿಗೆ, ಬದುಕೇ ಬೇಡ ಎನ್ನಿಸಿದವರಿಗೆ ಸಹೋದ್ಯೋಗಿಗಳ ಸಾಂತ್ವನ ಸಾಲದು, ವೈದ್ಯರ ನೆರವು ಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿಯ ಸಂಖ್ಯೆ 14416. ನಿಮ್ಹಾನ್ಸ್ ಇದರ ಕೇಂದ್ರ ಸಂಸ್ಥೆ, ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆಯನ್ನು ಸ್ಟಾಫ್ ರೂಮಿನ ಗೋಡೆಗೆ ಅಂಟಿಸಿ.

ಇನ್ನು ಏಕೋಪಾಧ್ಯಾಯ ಶಾಲೆಯವರು. ಅವರಿಗೆ ಪಕ್ಕದ ಕೋಣೆಯೂ ಇಲ್ಲ, ಐದು ನಿಮಿಷ ಮಕ್ಕಳನ್ನು ನೋಡಿಕೊಳ್ಳುವವರೂ ಇಲ್ಲ. ರಜೆ ಹಾಕಿದರೆ ಶಾಲೆಗೇ ಬೀಗ. ಕ್ಲಸ್ಟರ್ ಸಭೆಯ ದಿನ ಅವರ ಶಾಲೆಗೆ ಬದಲಿ ಶಿಕ್ಷಕರೊಬ್ಬರನ್ನು ಕಳಿಸುವ ವ್ಯವಸ್ಥೆ ಆಗಬೇಕು. ಇಲ್ಲಿ ಕೂತಿರುವ ಶಿಕ್ಷಣ ಇಲಾಖೆಯ ಅಧಿಕಾರಿಗಳಲ್ಲಿ ನಾನು ಕೇಳುವುದು ಇದೊಂದನ್ನೇ, ಅದೂ ಈ ಶೈಕ್ಷಣಿಕ ವರ್ಷದಿಂದಲೇ.