ಕಣ್ಣಿಗೆ ಕಟ್ಟಿದ ಭಯ

ವಿಮಾನ ಅಪಘಾತದ ಸುದ್ದಿ ಬಂದ ವಾರ, ವಿಮಾನ ಹತ್ತಬೇಕಾದವರ ಎದೆ ತುಸು ಹೆಚ್ಚೇ ಹೊಡೆದುಕೊಳ್ಳುತ್ತದೆ. ಅವರಲ್ಲಿ ಎಷ್ಟೋ ಮಂದಿ ನಿಲ್ದಾಣದವರೆಗೆ ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕದೆ ನಿಶ್ಚಿಂತೆಯಿಂದ ಬಂದಿರುತ್ತಾರೆ!

ಯಾವ ಘಟನೆ ಬೇಗ ನೆನಪಿಗೆ ಬರುತ್ತದೋ ಅದೇ ಹೆಚ್ಚಾಗಿ ನಡೆಯುತ್ತದೆ ಎಂದು ಮನಸ್ಸು ನಂಬಿಬಿಡುತ್ತದೆ. ಮನೋವಿಜ್ಞಾನಿಗಳಾದ ಏಮಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾಹ್ನೆಮನ್ 1973ರಲ್ಲೇ ಈ ಸ್ವಭಾವವನ್ನು ವಿವರಿಸಿದ್ದರು.

ಉಗ್ರರು ಅಮೆರಿಕದ ಅವಳಿ ಗೋಪುರಗಳಿಗೆ ವಿಮಾನಗಳನ್ನು ಅಪ್ಪಳಿಸಿದ 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಲ್ಲಿ ಅನೇಕರು ವಿಮಾನ ಬಿಟ್ಟು ಕಾರು ಹತ್ತಿದರು. ಗೋಪುರಗಳು ಕುಸಿಯುವ ದೃಶ್ಯವನ್ನು ಟಿವಿ ಮತ್ತೆ ಮತ್ತೆ ತೋರಿಸಿತ್ತಲ್ಲ. ಈ ಬದಲಾವಣೆಯಿಂದಾಗಿ ಮುಂದಿನ ಒಂದು ವರ್ಷದಲ್ಲಿ ಸುಮಾರು 1,500 ಮಂದಿ ಹೆಚ್ಚುವರಿಯಾಗಿ ರಸ್ತೆಯಲ್ಲಿ ಸತ್ತರೆಂದು ಜರ್ಮನಿಯ ಮನೋವಿಜ್ಞಾನಿ ಗೆರ್ಡ್ ಗಿಗೆರೆನ್ಜರ್ ಅಂದಾಜಿಸಿದರು. ಅಪಾಯದಿಂದ ತಪ್ಪಿಸಿಕೊಳ್ಳಲು ಹೊರಟವರು ಹೆಚ್ಚಿನ ಅಪಾಯದ ದಾರಿ ಹಿಡಿದಿದ್ದರು.

ನಮ್ಮ ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಿಗೆ ಬಲಿಯಾದವರು 1 ಲಕ್ಷ 68 ಸಾವಿರಕ್ಕೂ ಹೆಚ್ಚು. ಸರಾಸರಿ ದಿನಕ್ಕೆ 460 ಮಂದಿ. ಇಷ್ಟು ಜನ ಒಂದೇ ಕಡೆ ಸತ್ತಿದ್ದರೆ ದೇಶವೇ ಬೆಚ್ಚಿಬೀಳುತ್ತಿತ್ತು. ಊರಿಗೊಬ್ಬರು ಇಬ್ಬರಂತೆ ಹೋಗುವುದರಿಂದ ಆ ಸುದ್ದಿ ಪತ್ರಿಕೆಯ ಒಳಪುಟದ ನಾಲ್ಕು ಸಾಲಿಗೆ ಮುಗಿಯುತ್ತದೆ.

ಭಯವೇ ಬೇಡವೆಂದಲ್ಲ. ಭಯ ಹುಟ್ಟಿದಾಗ ಒಂದು ಪ್ರಶ್ನೆ ಕೇಳಿಕೊಳ್ಳೋಣ: ಇದು ನಿಜಕ್ಕೂ ಪದೇ ಪದೇ ನಡೆಯುತ್ತಿದೆಯೇ, ಅಥವಾ ನಾನು ಪದೇ ಪದೇ ನೋಡುತ್ತಿದ್ದೇನೆಯೇ? ಹಾಗೆಯೇ ಇವತ್ತು ಪಕ್ಕದ ಬೀದಿಯ ಅಂಗಡಿಗೆ ಸ್ಕೂಟರಿನಲ್ಲಿ ಹೊರಟರೂ ಹೆಲ್ಮೆಟ್ ತಲೆಯ ಮೇಲಿರಲಿ, ಅದರ ಪಟ್ಟಿಯೂ ಬಿಗಿದಿರಲಿ.