ಕೈಯ ವಿದ್ಯೆಗೆ ಒಂದು ನಮನ



ಕವಿಯೊಬ್ಬರು ತೀರಿಕೊಂಡರೆ ಶಾಲೆಗಳಲ್ಲಿ ಸಭೆ ಸೇರುತ್ತದೆ. ನಾಯಕರು ತೀರಿಕೊಂಡರೆ ರಜೆ ಘೋಷಣೆಯಾಗುತ್ತದೆ. ಹಳೆಯ ಮೋಟಾರು ವಾಹನಗಳಿಗೆ ಮರುಜೀವ ಕೊಡುತ್ತಿದ್ದ ಮೇಸ್ತ್ರಿಯೊಬ್ಬರು ತೀರಿಕೊಂಡರೆ ಏನಾಗುತ್ತದೆ? ಗ್ಯಾರೇಜಿನ ಬಾಗಿಲು ಕೆಲವು ದಿನ ಮುಚ್ಚಿರುತ್ತದೆ, ಅಷ್ಟೆ. ಆದರೆ ಹಳೆಯ ಕಾರು, ಬೈಕುಗಳನ್ನು ಪ್ರೀತಿಯಿಂದ ಉಳಿಸಿಕೊಂಡು ಬಂದವರಿಗೆ ಆ ಸಾವು ಮನೆಯ ಹಿರಿಯರ ಸಾವಿನಷ್ಟೇ ನೋವು ತರುತ್ತದೆ. ಆ ದುಃಖಕ್ಕೆ ಕಾರಣವೇನು ಎಂಬುದನ್ನು ಇಂದು ಯೋಚಿಸೋಣ.

ಹರದನಹಳ್ಳಿಯಿಂದ ಚಾಮರಾಜನಗರ, ನಂಜನಗೂಡು ದಾಟಿದರೆ ಮೈಸೂರು. ಅಲ್ಲಿ 1961ರಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಜೆಕೊಸ್ಲೊವಾಕಿಯದ ವಿನ್ಯಾಸದ ಜಾವಾ ಬೈಕು, ಅದರ ನಂತರ ಯೆಜ್ಡಿ, ನಮ್ಮ ಕಡೆಯ ರಸ್ತೆಗಳಲ್ಲಿ ಮನೆಮಾತಾದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಹೊಸ ಬೈಕುಗಳ ಮೇಲೆ ಮರಳಿ ಬಂದವು. ಕಾರ್ಖಾನೆ ಮುಚ್ಚಿದ ಮೇಲೆ ಹಳೆಯ ಗಾಡಿಗಳು ಇಷ್ಟು ವರ್ಷ ಓಡಿದ್ದು ಯಾರಿಂದ? ಸಣ್ಣ ಗ್ಯಾರೇಜುಗಳ ಮೇಸ್ತ್ರಿಗಳಿಂದ. ಅಂಬಾಸಿಡರ್ ಕಾರಿನ ಕಥೆಯೂ ಹೀಗೆಯೇ. 2014ರಲ್ಲಿ ಅದರ ತಯಾರಿಕೆ ನಿಂತಿತು. ಉಳಿದ ಕಾರುಗಳ ಆಯುಷ್ಯ ಮೇಸ್ತ್ರಿಗಳ ಕೈ ಸೇರಿತು.

ಆ ಕೈಗೆ ಏನು ಗೊತ್ತಿತ್ತು? ಒಂದು ಉದಾಹರಣೆ ನೋಡಿ. ಹಳೆಯ ಪೆಟ್ರೋಲ್ ಇಂಜಿನ್ನಿನಲ್ಲಿ ಕಿಡಿ ಹುಟ್ಟಿಸಲು ಸಹಾಯ ಮಾಡುವ ಎರಡು ಪುಟ್ಟ ಲೋಹದ ತುದಿಗಳಿರುತ್ತವೆ. ಅವುಗಳನ್ನು ಪಾಯಿಂಟ್ ಎನ್ನುತ್ತಾರೆ. ಅವುಗಳ ನಡುವಿನ ಅಂತರ ಸುಮಾರು 0.4 ಮಿಲಿಮೀಟರ್ ಇರಬೇಕೆಂದು ಪುಸ್ತಕ ಹೇಳುತ್ತದೆ. ಅದು ಹೊಸ ಇಂಜಿನ್ನಿಗೆ ಸರಿ. ಆದರೆ ನಲವತ್ತು ವರ್ಷ ಸವೆದ ಇಂಜಿನ್ನಿನಲ್ಲಿ ದಂಡ ಸ್ವಲ್ಪ ಓಲಾಡುತ್ತದೆ, ತುದಿಗಳಲ್ಲಿ ಗುಳಿ ಬಿದ್ದಿರುತ್ತದೆ. ಆಗ ಅಳತೆಪಟ್ಟಿಯೇ ಮೋಸ ಮಾಡುತ್ತದೆ. ನುರಿತ ಮೇಸ್ತ್ರಿ ಬೆರಳಿನಿಂದ ದಂಡವನ್ನು ಅಲುಗಾಡಿಸಿ ನೋಡುತ್ತಾರೆ, ಇಂಜಿನ್ನಿನ ಸದ್ದಿಗೆ ಕಿವಿಗೊಡುತ್ತಾರೆ, ಆಮೇಲೆ ತಿರುಪು ತಿರುಗಿಸುತ್ತಾರೆ.

ತಗಡಿನ ಕೆಲಸವೂ ಅಂಥದ್ದೇ. ನಜ್ಜುಗುಜ್ಜಾದ ಮಡ್‌ಗಾರ್ಡನ್ನು ಮರಳಿನ ಚೀಲದ ಮೇಲಿಟ್ಟು ಸುತ್ತಿಗೆಯಿಂದ ತಟ್ಟಬೇಕು. ತಟ್ಟುತ್ತಾ ಹೋದಂತೆ ಉಕ್ಕು ಗಡುಸಾಗುತ್ತದೆ, ಮಿತಿಮೀರಿದರೆ ಸೀಳುತ್ತದೆ. ಯಾವಾಗ ನಿಲ್ಲಿಸಿ ಕಾಯಿಸಿ ಮೆದುಗೊಳಿಸಬೇಕು ಎಂಬುದನ್ನು ಸುತ್ತಿಗೆಯ ಪುಟಿತವೇ ತಿಳಿಸುತ್ತದೆ. ಇದು ಲೋಹವಿಜ್ಞಾನವೇ, ಮೇಸ್ತ್ರಿ ಅದನ್ನು ಓದಿ ಕಲಿತಿರಲಿಲ್ಲ, ತಟ್ಟಿ ಕಲಿತಿದ್ದರು. ಅವರು ಹೋದಾಗ ಈ ಅರಿವೂ ಅವರೊಡನೆ ಹೋಗುತ್ತದೆ. ಅದರ ಪ್ರತಿ ಯಾವ ಗ್ರಂಥಾಲಯದಲ್ಲೂ ಇರುವುದಿಲ್ಲ.

ಇನ್ನೊಂದು ಕಹಿ ಮಾತನ್ನೂ ಹೇಳಬೇಕು. ಹಳೆಯ ಕಾರುಗಳ ಪ್ರದರ್ಶನಗಳಲ್ಲಿ ಬಹುಮಾನ ಪಡೆಯುವವರು ಸಾಮಾನ್ಯವಾಗಿ ಮಾಲೀಕರು. ಗಾಡಿಯ ಮುಂದಿನ ಫಲಕದಲ್ಲಿ ಕಂಪೆನಿಯ ಹೆಸರು, ವರ್ಷ, ಮಾಲೀಕರ ಹೆಸರು ಕಾಣುತ್ತವೆ. ಅದನ್ನು ಮೈಮುರಿದು ದುರಸ್ತಿ ಮಾಡಿದವರ ಹೆಸರು ಅಪರೂಪ. ಹರದನಹಳ್ಳಿಯ ದಿವ್ಯಲಿಂಗೇಶ್ವರ ದೇವಾಲಯಕ್ಕೆ ನೀವು ಹೋಗಿರುತ್ತೀರಿ. ಅಲ್ಲಿನ ಕಲ್ಲುಗಳನ್ನು ಕಡೆದ ಒಬ್ಬ ಶಿಲ್ಪಿಯ ಹೆಸರನ್ನಾದರೂ ನೀವು ಹೇಳಬಲ್ಲಿರಾ? ಕೆಲಸವನ್ನು ಮೆಚ್ಚಿ ಕೆಲಸಗಾರನನ್ನು ಮರೆಯುವ ಅಭ್ಯಾಸ ನಮ್ಮಲ್ಲಿ ಬಹಳ ಹಳೆಯದು.

ಆದರೆ ಇದೇ ಸೀಮೆಯಲ್ಲಿ ಬೇರೊಂದು ಪರಂಪರೆಯೂ ಇದೆ. ಚಿಕ್ಕಲ್ಲೂರಿನ ಸಿದ್ದಪ್ಪಾಜಿಯ ಕಥೆಯನ್ನು ನೀಲಗಾರರು ಹಾಡುವುದನ್ನು ನೀವು ಕೇಳಿರಬಹುದು. ಸಿದ್ದಪ್ಪಾಜಿ ಯಾರು? ಕುಲುಮೆಯ ಮನೆಯಲ್ಲಿ ಹುಟ್ಟಿದ ಕೆಂಪಾಚಾರಿ. ಹಲಗೂರಿನ ಪಾಂಚಾಳರ ಬಳಿಗೆ ಕಬ್ಬಿಣ ಕೇಳಿಕೊಂಡು ಹೋಗಿ, ಕಠಿಣ ಪರೀಕ್ಷೆಗಳನ್ನು ಗೆದ್ದು ಬಂದವನು. ಮಂಟೇಸ್ವಾಮಿ ಕಾವ್ಯದಲ್ಲಿ ಕಬ್ಬಿಣಕ್ಕೂ ಕುಲುಮೆಯ ಮಗನಿಗೂ ಇಷ್ಟು ದೊಡ್ಡ ಸ್ಥಾನ ಕೊಟ್ಟ ನಾಡು ಇದು. ಇಂಥ ನಾಡಿನ ಮಕ್ಕಳು ಗ್ರೀಸು ಮೆತ್ತಿದ ಕೈಯನ್ನು ಕೀಳೆಂದು ಭಾವಿಸುವುದು ಸರಿಯೇ?

ಹಾಗಾದರೆ ತೀರಿಕೊಂಡ ಕುಶಲಕರ್ಮಿಗೆ ನಾವು ಸಲ್ಲಿಸಬಹುದಾದ ಗೌರವ ಯಾವುದು? ಹೂಮಾಲೆ ಇರಲಿ, ಬೇಡವೆನ್ನುವುದಿಲ್ಲ. ಆದರೆ ಬದುಕಿರುವ ಇನ್ನೊಬ್ಬ ಮೇಸ್ತ್ರಿಯ ಬಳಿ ಹೋಗಿ ಕೂರುವುದು ಅದಕ್ಕಿಂತ ದೊಡ್ಡದು. ನಿಮ್ಮ ಊರಿನ ಗ್ಯಾರೇಜು, ಕುಲುಮೆ, ಬಡಗಿಯ ಕೊಟ್ಟಿಗೆ, ಯಾವುದಾದರೂ ಆಗಲಿ. ಅವರು ಬಿಡುವಾಗಿರುವ ಹೊತ್ತು ನೋಡಿ ಪ್ರಶ್ನೆ ಕೇಳಿ. ಉಪಕರಣಗಳ ಹೆಸರು, ಕೆಲಸದ ಕ್ರಮ, ಕಲಿಸಿದ ಗುರುವಿನ ಹೆಸರು ಬರೆದುಕೊಳ್ಳಿ. ಅವರ ಒಪ್ಪಿಗೆ ಪಡೆದು ಕೈಯ ಚಲನೆಯನ್ನು ಫೋನಿನಲ್ಲಿ ಚಿತ್ರೀಕರಿಸಿ. ಮಾತಿನಲ್ಲಿ ಹಿಡಿಯಲಾಗದ್ದು ಚಿತ್ರದಲ್ಲಿ ಸ್ವಲ್ಪವಾದರೂ ಉಳಿದೀತು.

ಪೂರ್ತಿ ಉಳಿಯಬೇಕಾದರೆ ಮಾತ್ರ ಮತ್ತೊಂದು ಕೈ ಬೇಕು. ನಮ್ಮ ದೇಶದಲ್ಲಿ ಅಪ್ರೆಂಟಿಸ್ ಕಾಯ್ದೆ ಬಂದದ್ದು 1961ರಲ್ಲಿ, ಮೈಸೂರಿನಲ್ಲಿ ಜಾವಾ ಬೈಕು ಹೊರಬಂದ ವರ್ಷವೇ. ಕಸುಬನ್ನು ಕೆಲಸದ ಜಾಗದಲ್ಲೇ ಕಲಿಯಬೇಕೆಂಬುದು ಅದರ ತಿರುಳು. ಐಟಿಐಗಳಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿ ಇದೆ. ಅಲ್ಲಿ ಕಲಿಯುವವರನ್ನು ಅಂಕ ಕಡಿಮೆ ಬಂದವರೆಂದು ಹಗುರವಾಗಿ ಕಾಣಬೇಡಿ. ನಿಮ್ಮಲ್ಲಿ ಯಾರಿಗೆ ಆ ಕೆಲಸದಲ್ಲಿ ಒಲವಿದೆಯೋ ಅವರು ಸಂಕೋಚ ಬಿಟ್ಟು ಹೇಳಿ, ಸೇರಿ.

ಗುರುವಿನ ಸ್ಪ್ಯಾನರ್ ಶಿಷ್ಯನ ಕೈಗೆ ಬಂದ ದಿನ ಶೋಕಕ್ಕೆ ಒಂದು ಅರ್ಥ ದೊರೆಯುತ್ತದೆ. ನಿಂತುಹೋಗಿದ್ದ ಇಂಜಿನ್ನು ಆ ಕೈಯಿಂದ ಮತ್ತೆ ಚಾಲೂ ಆದರೆ, ತೀರಿಕೊಂಡ ಮೇಸ್ತ್ರಿಗೆ ಅದಕ್ಕಿಂತ ತಕ್ಕ ಶ್ರದ್ಧಾಂಜಲಿ ಬೇಕೆ?