ಮುರಿಯಲೆಂದೇ ಇರುವ ಬೋಲ್ಟು



ಹೊಸದಾಗಿ ಯಂತ್ರವೊಂದನ್ನು ಕೊಂಡವನು ಕಣ್ಣಿಗೆ ಬಿದ್ದರೆ ನಮ್ಮ ಕಡೆಯ ಜನ ಮೊದಲು ಕೇಳುವುದು ಅದರ ಬೆಲೆಯನ್ನು. ಆಮೇಲೆ ಕೇಳುವುದು, "ಹೆಂಗೈತಿ, ನಂಬಬಹುದೇನು?" ಎಂದು. ಬೆಲೆಯ ಪ್ರಶ್ನೆಗೆ ಉತ್ತರ ಸುಲಭ. ಎರಡನೆಯ ಪ್ರಶ್ನೆ ಮಾತ್ರ ನನ್ನನ್ನು ಬಹುದಿನ ಕಾಡಿತು. ನಂಬುವುದು, ನೆಚ್ಚುವುದು ಎಂಬ ಮಾತುಗಳನ್ನು ನಾವು ಮನುಷ್ಯರ ವಿಷಯದಲ್ಲಿ ಬಳಸುತ್ತೇವೆ, ದೇವರ ವಿಷಯದಲ್ಲಿ ಬಳಸುತ್ತೇವೆ. ಕಬ್ಬಿಣದ ವಿಷಯದಲ್ಲಿ ಆ ಮಾತಿಗೆ ಅರ್ಥವೇನು? ಇದಕ್ಕೆ ನನಗೆ ಉತ್ತರ ದೊರೆತದ್ದು ಒಂದು ಸಣ್ಣ ಬೋಲ್ಟಿನಿಂದ. ಆ ಕಥೆಯನ್ನೇ ಈ ಹೊತ್ತು ನಿಮ್ಮ ಮುಂದಿಡುತ್ತೇನೆ.

ನಾನು ದಾವಣಗೆರೆಯಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದವನು. ನಮ್ಮ ತಂದೆ ಇದೇ ಊರಿನ ಹತ್ತಿ ಗಿರಣಿಯೊಂದರಲ್ಲಿ ಮಗ್ಗ ನಡೆಸುತ್ತಿದ್ದವರು. ದುಡಿದು ಉಳಿಸಿದ ಹಣದಲ್ಲಿ ಅವರು ಹರಿಹರದಿಂದ ಮಲೇಬೆನ್ನೂರಿನ ಕಡೆ ಹೋಗುವ ದಾರಿಯಲ್ಲಿ ನಾಲ್ಕು ಎಕರೆ ಗದ್ದೆ ಕೊಂಡಿದ್ದರು. ಲಕ್ಕವಳ್ಳಿಯಲ್ಲಿ ಭದ್ರೆಗೆ ಕಟ್ಟಿದ ಅಣೆಕಟ್ಟೆಯ ನೀರು ನಾಲೆಗಳಲ್ಲಿ ಹರಿದು ಬಂದು ಈ ಸೀಮೆಯನ್ನು ಭತ್ತದ ನಾಡಾಗಿ ಮಾಡಿತ್ತು. ತಂದೆಯವರು ಇರುವವರೆಗೂ ನಮ್ಮದೂ ಭತ್ತದ ಗದ್ದೆಯೇ. ಅವರ ನಂತರ, ಸುತ್ತಮುತ್ತಲ ಅನೇಕರಂತೆ ನಾನೂ ಅಡಿಕೆ ಸಸಿ ನೆಟ್ಟೆ. ನಾಟಿಗೆ ಆಳು ಸಿಗುವುದಿಲ್ಲ, ಪೇಟೆಯಲ್ಲಿ ಕುಳಿತವನಿಗೆ ಗದ್ದೆಯ ಬೇಸಾಯ ಸಾಗುವುದಿಲ್ಲ ಎಂಬುದು ನಾನು ನನಗೇ ಹೇಳಿಕೊಂಡ ಸಮಾಧಾನ.

ಆದರೆ ಅಡಿಕೆಯ ತೋಟಕ್ಕೆ ಅದರದೇ ಆದ ಒಂದು ಚಿಂತೆ ಉಂಟು, ಅದು ಹುಲ್ಲು. ಒಂಬತ್ತು ಅಡಿಗೊಂದರಂತೆ ನಿಂತ ಮರಗಳ ನಡುವೆ, ನೀರೂ ಗೊಬ್ಬರವೂ ದೊರೆತ ನೆಲದಲ್ಲಿ, ಮಳೆಗಾಲದ ಒಂದು ತಿಂಗಳಿಗೆ ಹುಲ್ಲು ಸೊಂಟದ ಎತ್ತರ ಬೆಳೆಯುತ್ತದೆ. ಉತ್ತು ಕಳೆಯೋಣವೆಂದರೆ, ಅಡಿಕೆಯ ಬೇರುಗಳಲ್ಲಿ ಹೆಚ್ಚಿನವು ನೆಲದ ಮೇಲ್ಪದರದಲ್ಲೇ ಹಬ್ಬಿರುತ್ತವೆ. ಪದೇ ಪದೇ ಉತ್ತರೆ ಅವೇ ಹರಿಯುತ್ತವೆ. ಹುಲ್ಲನ್ನು ಬುಡಸಹಿತ ಕೀಳದೆ ಮೇಲಿಂದ ಸವರಿ ಅಲ್ಲೇ ಬಿಟ್ಟರೆ ಅದು ನೆಲಕ್ಕೆ ಹೊದಿಕೆಯಾಗಿ ತೇವವನ್ನು ಕಾಯುತ್ತದೆ, ಕೊಳೆತು ಗೊಬ್ಬರವಾಗುತ್ತದೆ. ಆದ್ದರಿಂದ ಸವರುವುದೇ ಸರಿ. ನಾಲ್ಕು ಎಕರೆಯನ್ನು ಕುಡುಗೋಲಿನಿಂದ ಸವರಲು ಜನವೆಲ್ಲಿ? ಹೆಗಲಿಗೆ ತೂಗುಹಾಕಿಕೊಳ್ಳುವ ಪೆಟ್ರೋಲ್ ಯಂತ್ರದಿಂದ ನಮ್ಮ ಹುಡುಗ ಎರಡು ವರ್ಷ ಹುಲ್ಲು ಹೊಡೆದ. ಸಂಜೆಯ ಹೊತ್ತಿಗೆ ಚಹದ ಲೋಟ ಹಿಡಿದರೆ ಅವನ ಕೈ ನಡುಗುತ್ತಿತ್ತು. ಅದನ್ನು ನೋಡಲಾರದೆ ಸಣ್ಣ ಟ್ರ್ಯಾಕ್ಟರಿನ ಆಲೋಚನೆ ಮಾಡಿದೆ.

ನೀವೂ ಕಂಡಿರುತ್ತೀರಿ. ಜನ ಇದನ್ನು ಮಿನಿ ಟ್ರ್ಯಾಕ್ಟರ್ ಎನ್ನುತ್ತಾರೆ. ಇಪ್ಪತ್ತು ಕುದುರೆಶಕ್ತಿಯ ಆಸುಪಾಸಿನದು. ಅಗಲ ನಾಲ್ಕು ಅಡಿಯ ಒಳಗೆ ಹೊರಗೆ. ಎರಡು ಸಾಲು ಅಡಿಕೆಯ ನಡುವೆ ಸಲೀಸಾಗಿ ನುಸುಳುತ್ತದೆ. ಹಿಂಬದಿಯಲ್ಲಿ ಹುಲ್ಲು ಸವರುವ ಸಾಧನವನ್ನು ಕಟ್ಟಿ, ಎಂಜಿನ್ನಿನ ಶಕ್ತಿಯನ್ನು ಒಂದು ಶಾಫ್ಟಿನ ಮೂಲಕ ಅದಕ್ಕೆ ಒಯ್ಯುತ್ತಾರೆ. ಶಾಫ್ಟು ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಕೆಳಗಿನ ಅಲಗುಗಳು ಅದಕ್ಕಿಂತಲೂ ವೇಗವಾಗಿ ತಿರುಗುತ್ತವೆ.

ಕೊಳ್ಳುವ ಮೊದಲು, ಪಾಠಾಂತರಗಳನ್ನು ಹೋಲಿಸಿ ನೋಡುವ ಹಳೆಯ ಅಭ್ಯಾಸದಿಂದ, ಆರು ಮಂದಿ ಮಾಲೀಕರನ್ನು ವಿಚಾರಿಸಿದೆ. ಆರು ಮಂದಿ ಆರು ಮಾತು ಹೇಳಿದರು. ಅವರಲ್ಲಿ ಇಬ್ಬರ ಮಾತು ನನ್ನನ್ನು ಗೊಂದಲಕ್ಕೆ ಕೆಡವಿತು. ಇಬ್ಬರದೂ ಒಂದೇ ಕಂಪನಿಯ, ಒಂದೇ ವರ್ಷದ ಗಾಡಿ. ಒಬ್ಬರು, "ಒಂಬತ್ತು ವರ್ಷ ಆತ್ರಿ, ಒಂದು ದಿನ ಕೈ ಕೊಟ್ಟಿಲ್ಲ" ಎಂದರು. ಇನ್ನೊಬ್ಬರು, "ಆ ಹೆಸರೆತ್ತಬೇಡ್ರಿ, ಎರಡು ವರ್ಷಕ್ಕೆ ಮಾರಿ ಕೈ ತೊಳಕೊಂಡೆ" ಎಂದರು. ಒಂದೇ ಅಚ್ಚಿನಲ್ಲಿ ಹೊಯ್ದ ಕಬ್ಬಿಣ ಒಬ್ಬನಿಗೆ ಸಖನಾಗಿ ಇನ್ನೊಬ್ಬನಿಗೆ ಶತ್ರುವಾದದ್ದು ಹೇಗೆ?

ಕಾರಣ ಆಮೇಲೆ ತಿಳಿಯಿತು. ಹುಲ್ಲು ಸವರುವುದು ನೋಡುವುದಕ್ಕೆ ಹಗುರವಾದ ಕೆಲಸ. ಸಣ್ಣ ಎಂಜಿನ್ನಿಗೆ ಮಾತ್ರ ಅದು ದೊಡ್ಡ ಪರೀಕ್ಷೆ. ಗಾಡಿ ಆಮೆಯಂತೆ ಸಾಗುತ್ತಿರುತ್ತದೆ, ಎಂಜಿನ್ನು ಮಾತ್ರ ಪೂರ್ಣ ವೇಗದಲ್ಲಿ ಓಡುತ್ತಿರುತ್ತದೆ. ಮರಗಳ ಮರೆಯಲ್ಲಿ ಗಾಳಿಯಾಡುವುದಿಲ್ಲ. ಸುತ್ತಲೂ ಹುಲ್ಲಿನ ಹೊಟ್ಟು ಹಾರುತ್ತದೆ. ಮುಂಭಾಗದ ರೇಡಿಯೇಟರಿನ ಜಾಲರಿಗೆ ಆ ಹೊಟ್ಟು ಕಂಬಳಿಯಂತೆ ಕವಿದುಕೊಂಡರೆ ಎಂಜಿನ್ನು ಕಾಯದೆ ಇನ್ನೇನು ಮಾಡೀತು? ಒಂಬತ್ತು ವರ್ಷದವರು ದಿನಕ್ಕೆರಡು ಬಾರಿ ಗಾಡಿ ನಿಲ್ಲಿಸಿ ಒಂದು ಹಳೆಯ ಬ್ರಷ್ಷಿನಿಂದ ಜಾಲರಿ ಒರೆಸುತ್ತಿದ್ದರು, ಗಾಳಿ ಸೋಸುವ ಡಬ್ಬಿಯನ್ನು ತೆಗೆದು ನೋಡುತ್ತಿದ್ದರು. ಗಾಡಿ ದುಡಿದ ಗಂಟೆಗಳನ್ನು ತೋರಿಸುವ ಮೀಟರನ್ನು ನೋಡಿ ಎಣ್ಣೆ ಬದಲಿಸುತ್ತಿದ್ದರು. ಎರಡು ವರ್ಷದವರು ಗಾಡಿಯನ್ನು ಊರೆಲ್ಲ ಬಾಡಿಗೆಗೆ ಕಳಿಸುತ್ತಿದ್ದರು; ಮೂವರು ಚಾಲಕರು, ಯಾರದೂ ಅಲ್ಲದ ಗಾಡಿ. ಮುಳ್ಳು ಕೆಂಪಿಗೆ ಏರಿದರೂ "ಈ ಸಾಲೊಂದು ಮುಗೀಲಿ" ಎನ್ನುವವರು. ಎತ್ತಾದರೆ ನೊಗಕ್ಕೆ ಕುತ್ತಿಗೆ ಕೊಡದೆ ಮುಷ್ಕರ ಹೂಡುತ್ತಿತ್ತು. ಯಂತ್ರವೂ ತನ್ನ ಸಂಕಟವನ್ನು ಶಬ್ದದಿಂದ, ವಾಸನೆಯಿಂದ ಹೇಳಿಕೊಳ್ಳುತ್ತದೆ. ಕೇಳುವ ಕಿವಿ ಬೇಕು.

ಇಷ್ಟೆಲ್ಲ ತಿಳಿದುಕೊಂಡು ಗಾಡಿ ತಂದೆ. ಒಂದು ವರ್ಷ ಸುಖವಾಗಿ ಕಳೆಯಿತು. ಮೊದಲ 50 ಗಂಟೆಗೆ ಎಣ್ಣೆ ಬದಲಿಸಿದ್ದು, ಜಾಲರಿ ಒರೆಸಿದ್ದು, ಎಲ್ಲ ಸಾಂಗವಾಗಿ ನಡೆದವು. ಒಂದು ಕಿರಿಕಿರಿ ಮಾತ್ರ ಉಳಿಯಿತು. ಶಾಫ್ಟಿಗೂ ಅಲಗಿನ ಪೆಟ್ಟಿಗೆಗೂ ನಡುವೆ ಜೋಡಣೆಯ ಜಾಗದಲ್ಲಿ ಕಿರುಬೆರಳಿನಷ್ಟು ಒಂದು ಬೋಲ್ಟು ಇರುತ್ತದೆ. ಹುಲ್ಲಿನ ಮರೆಯಲ್ಲಿ ಕಲ್ಲೋ ಬೊಡ್ಡೆಯೋ ಇದ್ದು ಅಲಗು ತಾಗಿದರೆ ಅದು ಟಕ್ಕನೆ ಮುರಿಯುತ್ತದೆ. ಆಗ ಶಾಫ್ಟು ಬರಿದೇ ತಿರುಗುತ್ತದೆ, ಅಲಗು ನಿಲ್ಲುತ್ತದೆ. ಗಾಡಿ ನಿಲ್ಲಿಸಿ, ಮುರಿದ ತುಂಡನ್ನು ಬಡಿದು ತೆಗೆದು, ಹೊಸದನ್ನು ಹಾಕಬೇಕು. ಆ ವರ್ಷದ ಶ್ರಾವಣದಲ್ಲಿ ಒಂದೇ ವಾರಕ್ಕೆ ನಾಲ್ಕು ಬೋಲ್ಟು ಮುರಿದವು. ಖೇಣಿ ಹಿಡಿದವರು, "ತೋಟ ಹಸನು ಮಾಡ್ರಿ, ಈ ಹುಲ್ಲಿನಾಗ ಹಾವು ಕಾಣಂಗಿಲ್ಲ; ನಮ್ಮ ಹುಡುಗರು ಕಾಲಿಡಂಗಿಲ್ಲ" ಎಂದು ಎರಡು ಸಲ ಹೇಳಿ ಕಳಿಸಿದ್ದರು. ನನಗೆ ಸಿಟ್ಟು ಬಂತು. ಇಷ್ಟು ದುಡ್ಡು ಕೊಟ್ಟ ಯಂತ್ರಕ್ಕೆ ಇಂಥ ಬಡಕಲು ಬೋಲ್ಟು ಹಾಕುವುದೇ?

ಪಿ.ಬಿ. ರಸ್ತೆಯ ಅಂಗಡಿಯೊಂದಕ್ಕೆ ಹೋಗಿ ಅದೇ ಅಳತೆಯ, ತಲೆಯ ಮೇಲೆ 8.8 ಎಂದು ಒತ್ತಿದ ಗಟ್ಟಿ ಉಕ್ಕಿನ ಬೋಲ್ಟನ್ನು ಕೊಂಡು ತಂದೆ. ನಾನೇ ನನ್ನ ಕೈಯಾರೆ ಬಿಗಿದೆ. ಗ್ರೀಸು ಹಾಕಲು ಅಡ್ಡವಾಗುತ್ತದೆಂದು ಶಾಫ್ಟಿನ ಮೇಲಿದ್ದ ಪ್ಲಾಸ್ಟಿಕ್ ಕವಚವನ್ನು ಮೊದಲೇ ಬಿಚ್ಚಿ ಇಟ್ಟಿದ್ದೆ. ಹತ್ತು ದಿನ ಒಂದು ತೊಂದರೆಯೂ ಇಲ್ಲ. ಈಗ ಗಾಡಿ ನಂಬಿಕೆಗೆ ಬಂತು ಎಂದು ನಾಲ್ಕು ಜನರೆದುರು ಹೇಳಿಕೊಂಡೆ.

ಹನ್ನೊಂದನೆಯ ದಿನ ಸತ್ತ ಅಡಿಕೆ ಮರದ ಬೊಡ್ಡೆಯೊಂದಕ್ಕೆ ಅಲಗು ಸಿಕ್ಕಿಕೊಂಡಿತು. ನಾನು ಇಪ್ಪತ್ತು ಹೆಜ್ಜೆ ದೂರದಲ್ಲಿದ್ದೆ. ಗಟ್ಟಿ ಬೋಲ್ಟು ಮುರಿಯಲಿಲ್ಲ. ಅದರ ಬದಲು ಶಾಫ್ಟಿನ ಕೀಲು ಮುರಿಯಿತು. ಒಂದು ಕಡೆ ಬಿಡುಗಡೆಯಾದ ಆ ಕಬ್ಬಿಣ ಗಿರ್ರನೆ ಬೀಸುತ್ತ ಕಾಲಿಡುವ ತಗಡನ್ನು ಎರಡು ಬಾರಿ ಹೊಡೆಯಿತು. ಕೀಲಿನ ಒಂದು ತುಂಡು ಹುಡುಗನ ಮೊಣಕಾಲಿನ ಪಕ್ಕದಿಂದ, ಒಂದು ಗೇಣಿನ ಅಂತರದಲ್ಲಿ ಹಾರಿ, ಎದುರಿನ ಮರದೊಳಗೆ ನಾಟಿತು. ಅವನು ಅದಾಗಲೇ ಕ್ಲಚ್ಚು ಅದುಮಿದ್ದ. ಕೆಳಗಿಳಿದು ಬಂದವನು ಏನೂ ಮಾತಾಡಲಿಲ್ಲ. ಮರದ ಹತ್ತಿರ ಹೋಗಿ ಆ ತುಂಡನ್ನು ಬೆರಳಿನಿಂದ ಮುಟ್ಟಿ ನೋಡಿದ. ಮನೆಯಲ್ಲಿ ಅವನ ಹೆಂಡತಿ ಏಳು ತಿಂಗಳ ಬಸುರಿ. ಆ ಹೊತ್ತು ನನಗೆ ಎದ್ದು ನಿಲ್ಲಲು ಕಾಲಿನಲ್ಲಿ ಬಲವಿರಲಿಲ್ಲ.

ಮರುದಿನ ಮುರಿದ ಭಾಗಗಳನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಹರಿಹರಕ್ಕೆ ಹೋದೆ. ಹರಿಹರವೆಂದರೆ ಹೊರಗಿನವರಿಗೆ ಹರಿಹರೇಶ್ವರನ ಗುಡಿ, ತುಂಗಭದ್ರೆಯ ದಂಡೆ. ನಮ್ಮ ತಲೆಮಾರಿನವರಿಗೆ ಅದು ಲೇತುಗಳ ಊರು ಕೂಡ. 1941ರಲ್ಲಿ ಅಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳು ದೇಶದ ಉದ್ದಗಲಕ್ಕೂ ಹೋದವು. ಕಾರ್ಖಾನೆ ಮುಚ್ಚಿ ಬಹುಕಾಲವಾಯಿತು; ಅಲ್ಲಿ ಕಲಿತ ಕೈಗಳು ಉಳಿದಿವೆ. ಅಂಥ ಒಬ್ಬ ಹಿರಿಯರು ಊರಿನ ಅಂಚಿನಲ್ಲಿ ಒಂದು ತಗಡಿನ ಮಾಡಿನ ಕೆಳಗೆ ಸಣ್ಣ ಲೇತು ಇಟ್ಟುಕೊಂಡಿದ್ದಾರೆ. ಅವರು ಚೀಲದ ಸಾಮಾನನ್ನು ಒಂದೊಂದಾಗಿ ತೆಗೆದು ನೋಡಿದರು. ಕೊನೆಗೆ ನನ್ನ ಗಟ್ಟಿ ಬೋಲ್ಟು ಕೈಗೆ ಬಂತು. ಅದನ್ನು ಬೆಳಕಿಗೆ ಹಿಡಿದು ತಲೆಯ ಮೇಲಿನ ಅಂಕಿ ಓದಿದರು.

"ಇದನ್ನ ಯಾರು ಹಾಕಿದ್ರು ಸರ?"

"ನಾನೇ" ಎಂದೆ.

"ಮುರಿಯೋದೇ ಅದರ ಕೆಲಸ ನೋಡ್ರಿ. ಆ ಕೆಲಸಾನ ನೀವು ಕಸ್ಕೊಂಡ್ರಿ. ಅದಕ್ಕ ಇನ್ನೊಂದು ಮುರೀತು" ಎಂದು ಬೋಲ್ಟನ್ನು ನನ್ನ ಅಂಗೈಯಲ್ಲಿಟ್ಟರು. ಅವರ ದನಿಯಲ್ಲಿ ಆಕ್ಷೇಪವಿರಲಿಲ್ಲ. ಎಂಥ ದಡ್ಡ ವಿದ್ಯಾರ್ಥಿಗೂ ಒಮ್ಮೆ ಹೇಳಿದರೆ ತಿಳಿಯುತ್ತದೆಂಬ ಮೇಷ್ಟರ ವಿಶ್ವಾಸವಿತ್ತು.

ಬಸ್ಸಿನಲ್ಲಿ ಹಿಂದಿರುಗುವಾಗ ತಂದೆಯ ನೆನಪಾಯಿತು. ಚಿಕ್ಕಂದಿನಲ್ಲಿ ಒಮ್ಮೆ ಅವರು ಗಿರಣಿಯ ಮಗ್ಗವನ್ನು ತೋರಿಸಿದ್ದರು. ಹೊಕ್ಕಿನ ನೂಲು ಹರಿದರೆ ಒಂದು ಸಣ್ಣ ತಂತಿಯ ಕೈ ಅದನ್ನು ಅರಿತು ಮಗ್ಗವನ್ನು ನಿಲ್ಲಿಸುತ್ತಿತ್ತು. "ನಿಲ್ಲದಿದ್ದರೆ ಗಜಗಟ್ಟಲೆ ಬಟ್ಟೆ ಕೆಡುತ್ತೆ, ನಿಲ್ಲೋದೂ ಮಗ್ಗದ ಗುಣಾನೇ" ಎಂದಿದ್ದರು. ಮನೆಯ ಫ್ಯೂಸು ಪದೇ ಪದೇ ಹೋಗುತ್ತದೆಂದು ದಪ್ಪ ತಂತಿ ಸುತ್ತಿ ಮನೆಯನ್ನೇ ಸುಟ್ಟುಕೊಂಡವರ ಸುದ್ದಿಯನ್ನು ನಾವು ಓದುತ್ತೇವೆ, ಅಯ್ಯೋ ಎನ್ನುತ್ತೇವೆ. ನಾನು ಮಾಡಿದ್ದೂ ಅದನ್ನೇ. ಯಂತ್ರವನ್ನು ಕಲ್ಪಿಸಿದವನು ಎಲ್ಲಿಯೋ ಕುಳಿತು, ಎಂದೂ ಕಾಣದ ನಮ್ಮ ಹುಡುಗನ ಮೊಣಕಾಲನ್ನು ನೆನೆದು, ಅಗ್ಗದ ಒಂದು ತುಂಡನ್ನು ಬಲಿಗೆಂದು ಇಟ್ಟಿದ್ದ. ಅದನ್ನು ನಾನು ಯಂತ್ರದ ದೋಷವೆಂದು ತಿದ್ದಿದೆ. ಭಾಷೆ ಬಲ್ಲೆನೆಂಬ ಹಮ್ಮಿನಿಂದ ಹಳೆಯ ಓಲೆಗರಿಯ ಪಾಠವನ್ನು ತಪ್ಪಾಗಿ ತಿದ್ದುವ ಲಿಪಿಕಾರನಿಗೂ ನನಗೂ ವ್ಯತ್ಯಾಸವೇನು?

ಮುರಿಯದಿರುವುದೇ ನಂಬಿಕೆಯಲ್ಲ. ಎಲ್ಲಿ ಮುರಿಯಬೇಕೋ ಅಲ್ಲಿ, ಅಗ್ಗದಲ್ಲಿ, ಯಾರನ್ನೂ ನೋಯಿಸದೆ ಮುರಿಯುವ ಯಂತ್ರ ನಂಬತಕ್ಕದ್ದು. ಇಷ್ಟರ ಮೇಲೆ ನಂಬಿಕೆ ಎರಡು ಕಡೆಯದು. ಆಯುಧಪೂಜೆಯ ದಿನ ನಾವು ಗಾಡಿಗೆ ಬಾಳೆಕಂದು ಕಟ್ಟಿ, ಕುಂಕುಮವಿಟ್ಟು, ಚಕ್ರದಡಿ ನಿಂಬೆಹಣ್ಣು ಇಡುತ್ತೇವೆ. ಅದು ಒಂದು ದಿನದ ಮಾತು. ಉಳಿದ ದಿನಗಳಲ್ಲಿ ಬ್ರಷ್ಷು, ಗ್ರೀಸು, ಒಂದಿಷ್ಟು ಗಮನ ಇವೇ ಅದಕ್ಕೆ ಪೂಜೆ.

ಶಾಫ್ಟು ರಿಪೇರಿಯಾಗಿ ಬರಲು ಹದಿನೆಂಟು ದಿನ ಹಿಡಿಯಿತು. ಅಷ್ಟರಲ್ಲಿ ಹುಲ್ಲು ಮತ್ತೆ ಎದೆಮಟ್ಟ ಬೆಳೆದು, ಆ ವರ್ಷದ ಮೊದಲ ಕೊಯ್ಲು ತಡವಾಯಿತು. ಖೇಣಿಯವರು ದರದಲ್ಲಿ ಅದನ್ನು ಕಳೆದರು. ಮಾಡಿದ್ದುಣ್ಣೋ ಮಹರಾಯ. ಕವಚ ಮತ್ತೆ ಶಾಫ್ಟಿನ ಮೇಲೆ ಕುಳಿತಿದೆ. ತೋಟದ ಮನೆಯ ಗೂಟಕ್ಕೆ ಒಂದು ಡಬ್ಬಿ ತೂಗುತ್ತಿದೆ. ಅದರಲ್ಲಿ ಎರಡು ಡಜನ್ ಮೆತ್ತನೆಯ ಬೋಲ್ಟುಗಳಿವೆ. ಈ ಮಳೆಗಾಲದಲ್ಲಿ ಏಳು ಮುರಿದವು. ಪ್ರತಿ ಬಾರಿ ಟಕ್ಕೆಂದಾಗಲೂ ಹುಡುಗ ಗಾಡಿ ನಿಲ್ಲಿಸಿ ನನ್ನ ಕಡೆ ನೋಡಿ ನಗುತ್ತಾನೆ. ಅವನ ಮಗಳಿಗೆ ಈಗ ಎರಡು ವರ್ಷ. ಮರದಲ್ಲಿ ನಾಟಿದ ಕಬ್ಬಿಣದ ತುಂಡನ್ನು ನಾವು ಕಿತ್ತಿಲ್ಲ. ಅದನ್ನು ಹಾದುಹೋಗುವಾಗಲೆಲ್ಲ ನನ್ನ ಕೈ ತಾನಾಗಿ ಜೇಬಿನ ಬೋಲ್ಟನ್ನು ಮುಟ್ಟಿ ನೋಡುತ್ತದೆ.